ದೊಡ್ಡ ಸರೋವರಕ್ಕೆ ಸಣ್ಣ ಹಾಯಿದೋಣಿ: ಯಾವುದನ್ನು ಕೊಳ್ಳಬಹುದು, ಯಾವುದನ್ನು ಬಿಡಬೇಕು

ಮೇ ತಿಂಗಳು ಬಂತು ಅಂದ್ರೆ ಶಿಕಾಗೊ, ಮಿಲ್ವಾಕಿ, ಡೆಟ್ರಾಯ್ಟ್ ಕಡೆಯ ನಮ್ಮವರ ವಾಟ್ಸಾಪ್ ಗುಂಪುಗಳಲ್ಲಿ ಈ ಪ್ರಶ್ನೆ ತಪ್ಪದೆ ಬರುತ್ತದೆ. "ಹಳೇ ಹಾಯಿದೋಣಿ ಒಂದು ಅಗ್ಗಕ್ಕೆ ಸಿಗ್ತಿದೆ, ಟ್ರೇಲರ್ ಸಮೇತ, ತಗೊಳ್ಳಬಹುದಾ?" ಕೆಳಗೆ ಉತ್ತರಗಳ ಸಾಲು. ಒಬ್ಬರು ವೇಗದ ಮಾತಾಡುತ್ತಾರೆ, ಇನ್ನೊಬ್ಬರು ಎಷ್ಟು ಜನ ಕೂರಬಹುದು ಅಂತ ಲೆಕ್ಕ ಹಾಕುತ್ತಾರೆ, ಮತ್ತೊಬ್ಬರು ಗ್ಯಾರೇಜಿನಲ್ಲಿ ಹಿಡಿಸುತ್ತಾ ಅಂತ ಕೇಳುತ್ತಾರೆ. ಕೇಳಬೇಕಾದದ್ದನ್ನು ಮಾತ್ರ ಯಾರೂ ಕೇಳುವುದಿಲ್ಲ. ಈ ದೋಣಿ ಮಗುಚಿದರೆ, ತಣ್ಣೀರಿಗೆ ಬಿದ್ದ ನೀವು ಮತ್ತು ನಿಮ್ಮ ಜೊತೆಗಿರುವವರು ಅದನ್ನು ಎತ್ತಿ ನಿಲ್ಲಿಸಿ, ಮತ್ತೆ ಹತ್ತಿ, ದಡಕ್ಕೆ ಬರಬಲ್ಲಿರಾ?

ಉತ್ತರ ಅಮೆರಿಕದ ಮಿಶಿಗನ್, ಈರಿ, ಸುಪೀರಿಯರ್‌ನಂಥ ಮಹಾ ಸರೋವರಗಳಿಗೆ ಸಣ್ಣ ದೋಣಿ ಆರಿಸುವಾಗ ನಾನು ನೋಡುವುದು ಇದನ್ನೇ. ಮಗುಚುವುದೇ ಇಲ್ಲ ಅನ್ನುವ ಸಣ್ಣ ದೋಣಿ ಇಲ್ಲ. ಮಗುಚಿದ ಮೇಲೆ ಏನಾಗುತ್ತದೆ ಅನ್ನುವುದರಲ್ಲೇ ಒಂದಕ್ಕೂ ಇನ್ನೊಂದಕ್ಕೂ ಅಜಗಜಾಂತರ ಇರುವುದು.

ಮೊದಲು ನೀರು ಎಂಥದ್ದು ಅಂತ ನೋಡಿ

ದೋಣಿಗಿಂತ ಮೊದಲು ನಿಮ್ಮ ಊರಿನ ಸರೋವರ ಹೇಗಿದೆ ಅನ್ನುವುದು ಗೊತ್ತಿರಬೇಕು, ಯಾಕಂದ್ರೆ ಒಂದು ಕಡೆ ಸರಿಹೋಗುವ ದೋಣಿ ಇನ್ನೊಂದು ಕಡೆ ಆಗಿಬರುವುದಿಲ್ಲ. ಲೇಕ್ ಮಿಶಿಗನ್ ಉತ್ತರದಿಂದ ದಕ್ಷಿಣಕ್ಕೆ ಸುಮಾರು 490 ಕಿಲೋಮೀಟರ್ ಉದ್ದ. ಉತ್ತರದ ಗಾಳಿ ಒಂದು ದಿನ ಬಿಡದೆ ಬೀಸಿದರೆ ಅಷ್ಟುದ್ದವೂ ಬೆಳೆದ ಅಲೆ ಬಂದು ಅಪ್ಪಳಿಸುವುದು ಶಿಕಾಗೊ ಕಡೆಯ ತುದಿಗೆ. ಅಲ್ಲಿ ದಡದುದ್ದಕ್ಕೂ ಕಾಂಕ್ರೀಟು, ಕಬ್ಬಿಣದ ಗೋಡೆ. ಅಲೆ ಗೋಡೆಗೆ ಬಡಿದು ವಾಪಸ್ ಬರುತ್ತದೆ, ಬರುವ ಅಲೆಗೆ ಡಿಕ್ಕಿ ಹೊಡೆಯುತ್ತದೆ. ಹಾಗಾಗಿ ದಡದ ಹತ್ತಿರವೇ ನೀರು ಎತ್ತಲೆಂದರತ್ತ ಕುಣಿಯುತ್ತಿರುತ್ತದೆ. ಭಯ ಆಯ್ತು, ದಡಕ್ಕೆ ಹತ್ತಿರ ಇರೋಣ ಅಂತ ಹೊಸಬರು ಹೋಗುವುದೂ ಅಲ್ಲಿಗೇ!

ಪಶ್ಚಿಮದ ಗಾಳಿಯ ದಿನ ಇದಕ್ಕೆ ತದ್ವಿರುದ್ಧ. ಶಿಕಾಗೊ ದಡದಲ್ಲಿ ನಿಂತು ನೋಡಿದರೆ ನೀರು ನುಣ್ಣಗೆ ಕಾಣುತ್ತದೆ, ಗಾಳಿ ಬೆನ್ನಿಗಿರುತ್ತದೆ, ದೋಣಿ ಹಾಯಾಗಿ ಹೊರಗೆ ಹೋಗುತ್ತದೆ. ಎರಡು ಮೈಲಿ ಆಚೆ ಹೋಗಿ ತಿರುಗಿಸಿದಾಗಲೇ ಗೊತ್ತಾಗುವುದು, ಇಷ್ಟು ಹೊತ್ತು ಬೆನ್ನು ತಟ್ಟುತ್ತಿದ್ದ ಗಾಳಿ ಈಗ ಎದೆಗೆ ಗುದ್ದುತ್ತಿದೆ ಅಂತ. ಏನಾದರೂ ಮುರಿದರೆ ದೋಣಿ ತೇಲಿಕೊಂಡು ಹೋಗುವುದು ಮಿಶಿಗನ್ ರಾಜ್ಯದ ಕಡೆಗೆ. ದಡದಿಂದ ಹೊರಗೆ ಬೀಸುವ ಗಾಳಿಯನ್ನು ನಾನು ಅಲೆಗಿಂತ ಜಾಸ್ತಿ ಅನುಮಾನಿಸುತ್ತೇನೆ.

ಆಚೆ ದಡದ ಹಾಲೆಂಡ್, ಮಸ್ಕೀಗನ್‌ನಂಥ ಊರುಗಳ ಕಷ್ಟ ಬೇರೆ. ಪಶ್ಚಿಮದ ಗಾಳಿಗೆ ಅಲೆಯೆಲ್ಲ ನೇರ ಅಲ್ಲಿಗೇ ಬರುತ್ತದೆ, ಬಂದರಿಗೆ ಹೋಗುವ ಕಾಲುವೆಯ ಬಾಯಲ್ಲಿ ಒಂದರ ಮೇಲೊಂದು ಏರುತ್ತದೆ, ಒಳಗೆ ಬರುವುದೇ ಸಾಹಸ. ಆದರೆ ಅಲ್ಲಿನವರಿಗೆ ಒಂದು ಪುಣ್ಯ ಇದೆ. ಕಾಲುವೆಯ ಒಳಗಡೆ ಲೇಕ್ ಮಕಾಟಾವಾ, ಮಸ್ಕೀಗನ್ ಲೇಕ್ ಥರದ ಚಿಕ್ಕ ಸರೋವರಗಳಿವೆ. ಒಂದಿಡೀ ಬೇಸಿಗೆ ಅಲ್ಲೇ ಕಳೆದರೂ ಏನೂ ನಷ್ಟವಿಲ್ಲ.

ಈರಿ ಆಳವಿಲ್ಲದ ಸರೋವರ. ಸರಾಸರಿ ಸುಮಾರು 19 ಮೀಟರ್, ಟೊಲಿಡೊ ಕಡೆಯ ಪಶ್ಚಿಮ ಭಾಗದಲ್ಲಂತೂ ಏಳು ಮೀಟರ್ ಚಿಲ್ಲರೆ. ಆಳ ಕಡಿಮೆ ಅಂದ್ರೆ ಸುರಕ್ಷಿತ ಅಂತ ಅನ್ನಿಸುತ್ತದೆ, ಅಲ್ವಾ? ಅಲ್ಲಿ ಅಲೆ ಬೇಗ ಏಳುತ್ತದೆ, ಕಡಿದಾಗಿ ಏಳುತ್ತದೆ, ಒಂದರ ಹಿಂದೆ ಒಂದು ಉಸಿರಾಡಲು ಬಿಡದೆ ಬರುತ್ತದೆ. ಜೋರು ಗಾಳಿಗೆ ತಟ್ಟೆಯ ನೀರು ಒಂದು ಅಂಚಿಗೆ ಸರಿದ ಹಾಗೆ ಇಡೀ ಸರೋವರವೇ ಬಫಲೊ ಕಡೆ ಸರಿಯುತ್ತದೆ. ಟೊಲಿಡೊಗೂ ಬಫಲೊಗೂ ನೀರಿನ ಮಟ್ಟದಲ್ಲಿ ಎರಡು ಮೀಟರ್‌ಗಿಂತ ಹೆಚ್ಚು ವ್ಯತ್ಯಾಸ ಆದದ್ದುಂಟು. ಡೆಟ್ರಾಯ್ಟ್ ಪಕ್ಕದ ಲೇಕ್ ಸೇಂಟ್ ಕ್ಲೇರ್ ಸರಾಸರಿ ಮೂರೂವರೆ ಮೀಟರ್ ಕೂಡ ಆಳವಿಲ್ಲ. ದೋಣಿ ಪೂರ್ತಿ ತಲೆಕೆಳಗಾದರೆ ಹಾಯಿಯ ಕಂಬವಾದ ಮಾಸ್ಟ್‌ನ ತುದಿ ಕೆಸರಿಗೆ ಚುಚ್ಚಿಕೊಳ್ಳುತ್ತದೆ.

ಸುಪೀರಿಯರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. 406 ಮೀಟರ್ ಆಳ, ಜೂನ್‌ನಲ್ಲೂ ನಡುನೀರು ಐದು ಡಿಗ್ರಿಯ ಆಸುಪಾಸು. ಅದು ಮೊದಲ ದೋಣಿಯ ಜಾಗವಲ್ಲ, ಬಿಡಿ.

ಸನ್‌ಫಿಶ್ ಮತ್ತು ಲೇಸರ್

ಒಬ್ಬರೇ ಹೋಗುವವರಿಗೆ ಇವೆರಡೇ ಹೆಚ್ಚಾಗಿ ಸಿಗುವುದು. ಲೇಸರ್‌ಗೆ ಈಗಿನ ಹೆಸರು ಐಎಲ್‌ಸಿಎ. ಎರಡೂ ಸುಮಾರು 4.2 ಮೀಟರ್ ಉದ್ದ, ಹಲ್, ಅಂದರೆ ದೋಣಿಯ ಒಡಲಿನ ತೂಕ ಸುಮಾರು 59 ಕೆಜಿ. ಕಾರಿನ ಮೇಲೆ ಹಾಕಿಕೊಂಡು ಹೋಗಬಹುದು. ಮಗುಚುತ್ತವಾ? ಧಾರಾಳವಾಗಿ. ಎತ್ತುವುದು ಸುಲಭವಾ? ಈ ಪಟ್ಟಿಯಲ್ಲಿ ಎಲ್ಲಕ್ಕಿಂತ ಸುಲಭ. ಹಾಯಿಯ ಹಗ್ಗ ಸಡಿಲ ಬಿಡಿ, ಈಜಿಕೊಂಡು ತಳದ ಕಡೆ ಬನ್ನಿ, ತಳದಿಂದ ಚಾಚಿದ ಡ್ಯಾಗರ್‌ಬೋರ್ಡ್ ಅನ್ನುವ ಹಲಗೆಯ ಮೇಲೆ ಭಾರ ಹಾಕಿ, ಅಂಚು ಹಿಡಿದು ಹಿಂದಕ್ಕೆ ವಾಲಿ. ಎದ್ದು ಕೂರುತ್ತದೆ. ಒಳಗೆ ನೀರು ತುಂಬುವ ಜಾಗವೇ ಕಡಿಮೆ, ಇದ್ದಬದ್ದದ್ದು ಬೇಲರ್ ಅನ್ನುವ ತೂತಿನಲ್ಲಿ ಹರಿದು ಹೋಗುತ್ತದೆ.

ಆದರೆ ಕೊಳ್ಳುವ ಮುಂಚೆ ಕೆಲವು ಸಣ್ಣ ವಸ್ತು ನೋಡಿ. ಲೇಸರ್‌ನ ಡ್ಯಾಗರ್‌ಬೋರ್ಡ್‌ಗೆ ಒಂದು ಎಲಾಸ್ಟಿಕ್ ಹಗ್ಗ ಕಟ್ಟಿರಬೇಕು. ಅದಿಲ್ಲದಿದ್ದರೆ ದೋಣಿ ತಲೆಕೆಳಗಾದಾಗ ಬೋರ್ಡ್ ತನ್ನ ತೂತಿನಿಂದ ಜಾರಿ ಕೈತಪ್ಪುತ್ತದೆ, ಆಮೇಲೆ ನಿಲ್ಲಲು ನಿಮಗೆ ಏನೂ ಇಲ್ಲ. ಚುಕ್ಕಾಣಿಯನ್ನು ಹಿಡಿದಿಡುವ ಸ್ಪ್ರಿಂಗ್ ಕ್ಲಿಪ್ ಇರುತ್ತದೆ, ಬೆರಳಲ್ಲಿ ಒತ್ತಿ ನೋಡಿ, ತಟ್ಟನೆ ಆಚೆ ಬರಬೇಕು. ಮಾಸ್ಟ್ ಕೂಡ ಕಿತ್ತು ಬರದ ಹಾಗೆ ದೋಣಿಗೆ ಕಟ್ಟಿರಬೇಕು. ಈ ಮೂರಕ್ಕೂ ಸೇರಿ ಒಂದು ಹೋಟೆಲ್ ಊಟದಷ್ಟು ಖರ್ಚಾಗುವುದಿಲ್ಲ, ಆದರೂ ಹಳೆಯ ದೋಣಿಗಳಲ್ಲಿ ಕಾಣೆಯಾಗಿರುವುದು ಇವೇ.

ಎರಡರಲ್ಲಿ ಯಾವುದು? ಗಾಳಿ ಜೋರಿರುವ ಕಡೆ ನನ್ನ ಓಟು ಲೇಸರ್‌ಗೆ, ಒಂದೇ ಕಾರಣಕ್ಕೆ: ಒಂದೇ ಹಲ್‌ಗೆ ಮೂರು ಅಳತೆಯ ಹಾಯಿ ಸಿಗುತ್ತದೆ. ದೊಡ್ಡದು ಸುಮಾರು 7 ಚದರ ಮೀಟರ್, ಚಿಕ್ಕದು 4.7. ಗಾಳಿಯ ವೇಗ ಎರಡರಷ್ಟಾದರೆ ಹಾಯಿಯ ಮೇಲಿನ ಒತ್ತಡ ನಾಲ್ಕರಷ್ಟಾಗುತ್ತದೆ, ಆದ್ದರಿಂದ 60 ಕೆಜಿ ತೂಕದ ಮನುಷ್ಯ 15 ನಾಟ್ (ಗಂಟೆಗೆ ಸುಮಾರು 28 ಕಿಲೋಮೀಟರ್) ಗಾಳಿಯಲ್ಲಿ ದೊಡ್ಡ ಹಾಯಿ ಏರಿಸುವುದು ಸುಮ್ನೆ ಒದ್ದೆಯಾಗುವ ಕೆಲಸ. ಸನ್‌ಫಿಶ್ ಹೊಸಬರಿಗೆ ಹೆಚ್ಚು ಸಲೀಸು, ಮೊಣಕಾಲು ನೋವಿದ್ದವರಿಗೂ ಒಗ್ಗುತ್ತದೆ. ಆದರೆ ಅದರ ಹಾಯಿ ಚಿಕ್ಕದು ಮಾಡುವುದು ಅಷ್ಟು ಸುಲಭವಲ್ಲ. ಹಾಯಿಯನ್ನು ಕೆಳಗಿಳಿಸಿ ಕಟ್ಟುವ ಜೆನ್ಸ್ ರಿಗ್ ಅನ್ನುವ ವಿಧಾನ ಇದೆ, ಅದನ್ನು ದಡದಲ್ಲೇ ಕಲಿತಿರಬೇಕು.

ಹೋಬಿ 16

ನೋಡಲು ಇದರಷ್ಟು ಚೆಂದದ ದೋಣಿ ಇಲ್ಲ. ಎರಡು ಹಲ್, ನಡುವೆ ಟ್ರ್ಯಾಂಪೊಲಿನ್, ಬಣ್ಣಬಣ್ಣದ ಹಾಯಿ. 145 ಕೆಜಿ ದೋಣಿಗೆ 20 ಚದರ ಮೀಟರ್ ಹಾಯಿ ಅಂದ್ರೆ ಓಟ ಹೇಗಿರಬೇಡ! ನಮ್ಮ ಹುಡುಗರು ಮೊದಲು ಬೀಳುವುದು ಇದಕ್ಕೇ.

ಗಂಡ ಹೆಂಡತಿ ಇಬ್ಬರೇ ಹೋಗುವುದಾದರೆ ನನ್ನ ಸಲಹೆ, ಬೇಡ. ಕಾರಣ ತೂಕ. ಮಗುಚಿದ ಹೋಬಿ 16 ಎತ್ತಲು ಒಟ್ಟು 135 ಕೆಜಿಯಷ್ಟು ಭಾರ ಹಗ್ಗಕ್ಕೆ ಜೋತು ಬೀಳಬೇಕು ಅನ್ನುವುದು ಓಡಿಸುವವರ ಲೆಕ್ಕ. ನಮ್ಮಲ್ಲಿ ಎಷ್ಟೋ ಜೋಡಿಗಳಲ್ಲಿ ಇಬ್ಬರೂ ಸೇರಿದರೂ ಅಷ್ಟು ತೂಗುವುದಿಲ್ಲ. ಅಲೆಯಲ್ಲಿ ಇದರ ಮೂತಿ ನೀರಿಗೆ ಚುಚ್ಚಿಕೊಂಡು ಮುಂದಕ್ಕೇ ಲಾಗ ಹೊಡೆಯುತ್ತದೆ, ಆಗ ಮನುಷ್ಯರು ಎಲ್ಲೋ ಹೋಗಿ ಬೀಳುತ್ತಾರೆ. ಪಕ್ಕಕ್ಕೆ ಬಿದ್ದ ದೋಣಿಯ ಟ್ರ್ಯಾಂಪೊಲಿನ್ ತಾನೇ ಒಂದು ಹಾಯಿ ಆಗುತ್ತದೆ, ಗಾಳಿಗೆ ನೀವು ಈಜುವುದಕ್ಕಿಂತ ಬೇಗ ದೂರ ಸಾಗುತ್ತದೆ. ಕೈ ಬಿಟ್ಟಿರೋ, ದೋಣಿ ಹೋಯಿತು.

ಕೊಂಡೇ ಕೊಳ್ಳುತ್ತೇನೆ ಅನ್ನುವವರು ಮಾಸ್ಟ್ ತುದಿಗೆ ತೇಲುವ ಬುರುಡೆ ಹಾಕಿಸಿ, ಪೂರ್ತಿ ತಲೆಕೆಳಗಾಗುವುದನ್ನು ಅದು ತಡೆಯುತ್ತದೆ. ಮಾಸ್ಟ್ ಎಂಟು ಮೀಟರ್ ಎತ್ತರ. ಹಳೆಯವು ಪೂರ್ತಿ ಅಲ್ಯುಮಿನಿಯಂ, ಮೇಲಿನ ಕರೆಂಟ್ ತಂತಿಗೆ ತಗುಲಿ ಜನ ಸತ್ತ ಮೇಲೆ ತುದಿಯ ಭಾಗವನ್ನು ಫೈಬರ್‌ನಲ್ಲಿ ಮಾಡತೊಡಗಿದರು. ಅಂಥದ್ದೇ ನೋಡಿ ಕೊಳ್ಳಿ. ಮಾಸ್ಟ್ ಎತ್ತುವ ಜಾಗದಲ್ಲಿ ತಲೆ ಮೇಲೆತ್ತಿ ನೋಡುವ ಅಭ್ಯಾಸ ಯಾವ ದೋಣಿಗಾದರೂ ಬೇಕು. ಇನ್ನು ಹಲ್‌ನ ಮೇಲ್ಭಾಗವನ್ನು, ಅದರಲ್ಲೂ ಟ್ರ್ಯಾಂಪೊಲಿನ್ ಹೊತ್ತಿರುವ ಮುಂದಿನ ಗಿಡ್ಡ ಕಂಬಗಳ ಹತ್ತಿರ, ಬೆರಳ ಗಂಟಿನಿಂದ ತಟ್ಟುತ್ತಾ ಹೋಗಿ. ಟಕ್ ಟಕ್ ಅಂತಿದ್ದದ್ದು ಒಂದು ಕಡೆ ಡಬ್ ಅಂದರೆ, ಒತ್ತಿದಾಗ ಮೆತ್ತಗೆ ಒಳಗೆ ಹೋದರೆ, ಮಾರುವವರಿಗೆ ಥ್ಯಾಂಕ್ಸ್ ಹೇಳಿ ಮನೆಗೆ ಬನ್ನಿ.

ವೇಫೇರರ್ ಮತ್ತು ಫ್ಲೈಯಿಂಗ್ ಸ್ಕಾಟ್

ಮೂರು ನಾಲ್ಕು ಜನ ಕೂರುವ, ಮೇಲೆ ಚಾವಣಿ ಇಲ್ಲದ ದೋಣಿಗಳು ಇವು. ಎರಡೂ 1957ರ ವಿನ್ಯಾಸ. ವೇಫೇರರ್ ಇಂಗ್ಲೆಂಡಿನ ಇಯನ್ ಪ್ರಾಕ್ಟರ್ ಅವರದ್ದು, 4.82 ಮೀಟರ್, ಹಲ್ ಸುಮಾರು 169 ಕೆಜಿ. ಫ್ರಾಂಕ್ ಡೈ ಎಂಬುವರು 1960ರ ದಶಕದಲ್ಲಿ ಇದರಲ್ಲೇ ಸ್ಕಾಟ್ಲೆಂಡಿನಿಂದ ಐಸ್‌ಲೆಂಡಿಗೆ ಹೋದರು, ಆಮೇಲೆ ನಾರ್ವೆಗೂ ಹೋದರು. ನೀವೂ ಹೋಗಿ ಅಂತ ಹೇಳುತ್ತಿಲ್ಲ. ಆದರೆ ಬಿರುಗಾಳಿಯಲ್ಲಿ ಮಗುಚಿ, ಮತ್ತೆ ಎದ್ದು ಬರುವಷ್ಟು ಗಟ್ಟಿತನ ಆ ವಿನ್ಯಾಸದಲ್ಲಿದೆ ಅನ್ನುವುದಕ್ಕೆ ಆ ಪ್ರಯಾಣಗಳೇ ಸಾಕ್ಷಿ. ಟೊರೊಂಟೊ ಸುತ್ತ ಇರುವವರಿಗೆ ಹಳೆಯ ವೇಫೇರರ್ ಸಿಗುವುದು ಕಷ್ಟವಲ್ಲ. ಅಲ್ಲಿ ದ್ವೀಪಗಳ ಮರೆಯ ಒಳಬಂದರು ಕಲಿಯಲು ಒಳ್ಳೆಯ ಜಾಗ ಕೂಡ.

ಫ್ಲೈಯಿಂಗ್ ಸ್ಕಾಟ್ ಅಮೆರಿಕದ ದೋಣಿ. 5.8 ಮೀಟರ್, 385 ಕೆಜಿ, ಅಗಲ ಎರಡು ಮೀಟರ್‌ಗೂ ಮೇಲೆ. ಕೂತರೆ ಸೋಫಾದಲ್ಲಿ ಕೂತಷ್ಟು ಆರಾಮ. ಅಪ್ಪ ಅಮ್ಮ ಊರಿಂದ ಬಂದಾಗ ಕರೆದುಕೊಂಡು ಹೋಗಲು, ಕನ್ನಡ ಕೂಟದ ಪಿಕ್ನಿಕ್ ದಿನ ಮಕ್ಕಳಿಗೆ ಒಂದು ಸುತ್ತು ಹಾಕಿಸಲು ಇದಕ್ಕಿಂತ ಒಳ್ಳೆಯದಿಲ್ಲ. ಸುಲಭಕ್ಕೆ ಮಗುಚುವುದಿಲ್ಲ. ಮಗುಚಿತು ಅಂದ್ರೆ ಮಾತ್ರ ಪೂರ್ತಿ ತಲೆಕೆಳಗಾಗುವುದು ಬೇಗ, ಆಗ ಮೋಟರ್ ಬೋಟಿನ ಸಹಾಯವಿಲ್ಲದೆ ಎತ್ತುವುದು ಕಷ್ಟ. ಹಾಗಾಗಿ ಸಂಗಡ ರಕ್ಷಣಾ ಬೋಟ್ ಇರುವ ಕ್ಲಬ್ಬಿನಲ್ಲಿ ಸ್ಕಾಟ್, ಸಂಗಡ ಬೇರೆ ಬೋಟ್ ಇಲ್ಲದೆ ತೆರೆದ ನೀರಿಗೆ ಹೋಗುವವರಿಗೆ ವೇಫೇರರ್. ಮಾಸ್ಟ್ ತುದಿಯ ತೇಲುಬುರುಡೆ ಸ್ಕಾಟ್‌ಗೂ ಹಾಕಿಸಿಕೊಳ್ಳಿ, ಲೇಕ್ ಸೇಂಟ್ ಕ್ಲೇರ್‌ನವರಂತೂ ಎರಡನೇ ಮಾತಿಲ್ಲದೆ.

ವೇಫೇರರ್ ನೋಡಲು ಹೋದಾಗ ಹಿಂದೆ ಮುಂದೆ ಇರುವ ಗಾಳಿಪೆಟ್ಟಿಗೆಗಳ ಮುಚ್ಚಳ ತೆಗೆದು ಕೈ ಹಾಕಿ. ಒಳಗೆ ಒಣಗಿರಬೇಕು. ಮುಚ್ಚಳದ ಸುತ್ತಲಿನ ರಬ್ಬರ್ ಬಿರುಕು ಬಿಟ್ಟಿದ್ದರೆ ಮಗುಚಿದಾಗ ದೋಣಿಯನ್ನು ತೇಲಿಸಬೇಕಾದ ಪೆಟ್ಟಿಗೆಯೇ ನೀರು ಕುಡಿಯುತ್ತದೆ. ಮುಖ್ಯ ಹಾಯಿಯಾದ ಮೇನ್‌ಸೇಲ್‌ನಲ್ಲಿ ರೀಫ್ ಮಾಡುವ, ಅಂದರೆ ಹಾಯಿಯ ಕೆಳಭಾಗ ಮಡಚಿ ಕಟ್ಟುವ ಕಣ್ಣುಗಳಿವೆಯಾ ನೋಡಿ. ಇಲ್ಲದಿದ್ದರೆ ಹಾಯಿ ಹೊಲಿಯುವವರ ಹತ್ತಿರ ಹಾಕಿಸಿ. ರೇಸ್ ಓಡಿಸಿದ ದೋಣಿಗಳಲ್ಲಿ ಇವು ಇರುವುದೇ ಅಪರೂಪ.

ಇನ್ನೊಂದು ವಿಷಯ, ಇದನ್ನು ಯಾರೂ ಹೇಳುವುದಿಲ್ಲ. ದೋಣಿ ಎತ್ತುವುದಕ್ಕಿಂತ ಒಳಗೆ ಹತ್ತುವುದೇ ಕಷ್ಟ. ದಿನವೆಲ್ಲ ಕಂಪ್ಯೂಟರ್ ಮುಂದೆ ಕೂರುವ ನಮ್ಮಂಥವರು ಒದ್ದೆ ಬಟ್ಟೆಯಲ್ಲಿ, ಲೈಫ್ ಜಾಕೆಟ್ ಹಾಕಿಕೊಂಡು, ಎರಡಡಿ ಎತ್ತರದ ಅಂಚಿಗೆ ಕೈಯ ಬಲದಿಂದ ಮೈ ಎಳೆದುಕೊಳ್ಳಲು ಆಗುವುದಿಲ್ಲ. ಹಿಂಭಾಗದಲ್ಲಿ ಒಂದು ಹಗ್ಗದ ಕುಣಿಕೆ ಕಟ್ಟಿ, ಕಾಲಿಡುವಷ್ಟು ಅಗಲ, ನೀರಿನ ಮಟ್ಟದಿಂದ ಒಂದೂವರೆ ಅಡಿ ಕೆಳಗೆ ಇಳಿಯುವ ಹಾಗೆ. ನೀರಲ್ಲಿ ನಿಂತವರ ಕೈಗೆ ಸಿಗುವಂತಿರಬೇಕು.

ಕ್ಯಾಟಲಿನಾ 22 ಥರದ ಕೀಲ್ ದೋಣಿ

ಫ್ರಾಂಕ್ ಬಟ್ಲರ್ 1969ರಲ್ಲಿ ಶುರು ಮಾಡಿದ ಈ ದೋಣಿ 15,000ಕ್ಕೂ ಹೆಚ್ಚು ತಯಾರಾಗಿವೆ, ಆದ್ದರಿಂದ ಹಳೆಯದು ಎಲ್ಲಿ ಬೇಕಾದರೂ ಸಿಗುತ್ತದೆ. 6.5 ಮೀಟರ್, ಒಳಗೆ ಪುಟ್ಟ ಕ್ಯಾಬಿನ್, ತಳದಲ್ಲಿ 250 ಕೆಜಿಯ ಕಬ್ಬಿಣದ ಕೀಲ್, ಅಂದರೆ ನೀರೊಳಗೆ ಇಳಿದಿರುವ ಭಾರದ ಹಲಗೆ. ಗಾಳಿಗೆ ವಾಲುತ್ತದೆ, ಕೀಲ್‌ನ ಭಾರಕ್ಕೆ ವಾಪಸ್ ಬರುತ್ತದೆ. ಚಿಕ್ಕ ಮಕ್ಕಳಿರುವ ಮನೆಗೆ, ಅಲೆ ಏಳುವ ಸರೋವರಕ್ಕೆ, ನಾನು ಹೇಳುವುದು ಇದನ್ನೇ. ಮಕ್ಕಳು ಒದ್ದೆಯಾಗದೆ ಕೂರಬಹುದು, ಸಣ್ಣ ಮೋಟರ್ ಇರುತ್ತದೆ, ಗಾಳಿ ನಿಂತರೆ ಮನೆಗೆ ಬರಬಹುದು.

ಆದರೆ ಕೀಲ್ ಇದೆ, ಇನ್ನೇನು ಭಯ ಅನ್ನುವಂತಿಲ್ಲ. ಹಳೆಯ ಕ್ಯಾಟಲಿನಾಗಳಲ್ಲಿ ಕಾಕ್‌ಪಿಟ್, ಅಂದರೆ ಹೊರಗೆ ಕೂರುವ ಜಾಗದ ಸೀಟಿನ ಕೆಳಗಿನ ಲಾಕರ್ ನೇರ ಹಲ್‌ನ ಒಳಕ್ಕೆ ತೆರೆದುಕೊಳ್ಳುತ್ತದೆ. ಜೋರು ಗಾಳಿಗೆ ದೋಣಿ ಪೂರ್ತಿ ಪಕ್ಕಕ್ಕೆ ಮಲಗಿದಾಗ ಆ ಮುಚ್ಚಳ ತೆರೆದರೆ, ಕ್ಯಾಬಿನ್ ಬಾಗಿಲಿಗೆ ಹಲಗೆ ಹಾಕಿರದಿದ್ದರೆ, ನೀರು ಒಳಗೆ ನುಗ್ಗುತ್ತದೆ. ಮಗುಚಿದ ಲೇಸರ್ ತೇಲುತ್ತದೆ, ನೀರು ತುಂಬಿದ ಹಳೆಯ ಕೀಲ್ ದೋಣಿ ಮುಳುಗುತ್ತದೆ. ಹಾಗಾಗಿ ಲಾಕರ್‌ಗೆ ಒಳ್ಳೆಯ ಚಿಲಕ, ಗಾಳಿ ಏರಿದಾಗ ಕೆಳಗಿನ ಹಲಗೆ ಬಾಗಿಲಲ್ಲಿ. ಮೇಲೆತ್ತುವ ಕೀಲ್ ಇರುವ ಮಾದರಿಯಾದರೆ ಅದನ್ನು ಎಳೆಯುವ ವಯರ್ ಹಗ್ಗದಲ್ಲಿ ಎಳೆ ಬಿಟ್ಟಿದೆಯಾ, ತುಕ್ಕು ಇದೆಯಾ, ತಿರುಗುವ ಪಿನ್ ಸವೆದಿದೆಯಾ ನೋಡಬೇಕು. ಅದು ನೋಡಲು ಬಗ್ಗಬೇಕು, ಟ್ರೇಲರ್ ಕೆಳಗೆ ಬೆನ್ನ ಮೇಲೆ ಮಲಗಬೇಕು. ಮಲಗಿ.

ಮ್ಯಾಕ್‌ಗ್ರೆಗರ್ 26 ಥರದ, ನೀರನ್ನೇ ಭಾರವಾಗಿ ತುಂಬಿಕೊಳ್ಳುವ ದೋಣಿಗಳೂ ಇವೆ. ಎಳೆಯಲು ಹಗುರ, ನೀರಿಗಿಳಿದ ಮೇಲೆ ಟ್ಯಾಂಕಿಗೆ ಅರ್ಧ ಟನ್‌ಗಿಂತ ಜಾಸ್ತಿ ನೀರು ತುಂಬಬೇಕು. ತುಂಬದಿದ್ದರೆ ಅದು ಬೇರೆಯೇ ದೋಣಿ. 2002ರಲ್ಲಿ ಲೇಕ್ ಚಾಂಪ್ಲೇನ್‌ನಲ್ಲಿ ಟ್ಯಾಂಕ್ ಖಾಲಿ ಇಟ್ಟುಕೊಂಡು, ಮಿತಿಮೀರಿ ಜನ ಹತ್ತಿಸಿಕೊಂಡಿದ್ದ ಅಂಥ ಒಂದು ದೋಣಿ ಮಗುಚಿ ಕ್ಯಾಬಿನ್ ಒಳಗಿದ್ದ ಇಬ್ಬರು ಮಕ್ಕಳು ಸತ್ತರು. ಸ್ನೇಹಿತರು ಬಂದಾಗ "ಇನ್ನಿಬ್ಬರು ಹಿಡಿಸ್ತಾರೆ ಬಿಡಿ" ಅನ್ನುವ ನಮ್ಮ ಅಭ್ಯಾಸ ದೋಣಿಗೆ ಹತ್ತುವ ಮುಂಚೆ ದಡದಲ್ಲೇ ಇರಲಿ.

ಉದ್ದ ಹೆಚ್ಚಾದರೆ ಭದ್ರ ಅನ್ನುವುದೂ ಪೂರ್ತಿ ನಿಜವಲ್ಲ. 2011ರ ಜುಲೈನಲ್ಲಿ ಶಿಕಾಗೊದಿಂದ ಮ್ಯಾಕಿನಾಕ್ ದ್ವೀಪದ 333 ಮೈಲಿ ರೇಸಿನಲ್ಲಿ ವಿಂಗ್‌ನಟ್ಸ್ ಅನ್ನುವ 35 ಅಡಿ ದೋಣಿ ಗುಡುಗು ಬಿರುಗಾಳಿಗೆ ಸಿಕ್ಕು ತಲೆಕೆಳಗಾಯಿತು, ಇಬ್ಬರು ಸತ್ತರು. 50 ನಾಟ್ ಮೀರಿದ ಗಾಳಿ ಅದು. ಆ ದೋಣಿಯ ಹಲ್ ಕಿರಿದು, ಮೇಲೆ ಎರಡೂ ಪಕ್ಕಕ್ಕೆ ಚಾಚಿದ ರೆಕ್ಕೆ. ನೆಟ್ಟಗಿದ್ದಾಗ ಜನರ ಭಾರವನ್ನು ಹೊರಗೆ ಚಾಚಿ ವೇಗ ಕೊಡುವ ಅದೇ ರೆಕ್ಕೆ ತಲೆಕೆಳಗಾದಾಗ ದೋಣಿಯನ್ನು ಹಾಗೇ ಸ್ಥಿರವಾಗಿ ಹಿಡಿದಿಟ್ಟಿತು.

ಯಾವುದು ಕೊಂಡರೂ ಬೇಕಾದದ್ದು

ನೀರಿನ ಬಿಸಿ ನೋಡಿ ಬಟ್ಟೆ ಹಾಕಿ, ಬಿಸಿಲು ನೋಡಿ ಅಲ್ಲ. ಜುಲೈನಲ್ಲಿ ಶಿಕಾಗೊ ನೀರು ಬೆಚ್ಚಗಿದೆ ಅಂತ ನಂಬಿದವರಿಗೆ ಅದು ಕೈಕೊಡುತ್ತದೆ. ದಕ್ಷಿಣದ ಗಾಳಿ ಬಿಡದೆ ಬೀಸಿದರೆ ಮೇಲಿನ ಬೆಚ್ಚನೆ ನೀರು ಪೂರ್ವಕ್ಕೆ ಸರಿದು, ತಳದ ತಣ್ಣೀರು ಪಶ್ಚಿಮದ ದಡಕ್ಕೆ ಎದ್ದು ಬರುತ್ತದೆ. ಒಂದೆರಡು ದಿನದಲ್ಲಿ ಹತ್ತು ಡಿಗ್ರಿ ಇಳಿಯಬಹುದು. ತಣ್ಣೀರಿನ ಬಗ್ಗೆ ಕೆನಡಾದ ಗಾರ್ಡನ್ ಗೀಸ್‌ಬ್ರೆಕ್ಟ್ ಹೇಳುವ ಲೆಕ್ಕ 1-10-1. ಮೊದಲ ಒಂದು ನಿಮಿಷ ಉಸಿರು ಹತೋಟಿಗೆ ತರಲು, ಆಮೇಲೆ ಕೈಕಾಲು ಮಾತು ಕೇಳುವುದು ಹತ್ತು ನಿಮಿಷ, ಪ್ರಜ್ಞೆ ತಪ್ಪುವುದಕ್ಕೆ ಸುಮಾರು ಒಂದು ಗಂಟೆ. ದೋಣಿ ಎತ್ತುವ ಕೆಲಸ ಆ ಹತ್ತು ನಿಮಿಷದಲ್ಲಿ ಮುಗಿಯಬೇಕು. ಲೇಸರ್‌ಗೆ ಅದು ಸಾಕು. ಹೋಬಿಗೆ ತೂಕ ಸಾಲದ ಇಬ್ಬರಿಗೆ ಇಡೀ ದಿನ ಕೊಟ್ಟರೂ ಸಾಲದು.

ಲೈಫ್ ಜಾಕೆಟ್ ಸಣ್ಣ ದೋಣಿಗಾದರೆ ಫೋಮ್‌ನದ್ದೇ ಇರಲಿ. ತಾನಾಗಿ ಉಬ್ಬುವಂಥದ್ದು ಕೀಲ್ ದೋಣಿಗೆ ಸರಿ, ಮಗುಚುವ ದೋಣಿಯಲ್ಲಿ ಅದು ಎದೆಯ ಮುಂದೆ ಉಬ್ಬಿಕೊಂಡು ಹತ್ತಲು ಬಿಡುವುದಿಲ್ಲ. ಫೋನ್ ಜೊತೆಗೆ, ದೋಣಿಗಳವರು ಮಾತಾಡಲು ಬಳಸುವ, ಕೈಯಲ್ಲಿ ಹಿಡಿಯುವಂಥ ಒಂದು ವಿಎಚ್‌ಎಫ್ ರೇಡಿಯೊ, ನೀರಿಗೆ ಬಿದ್ದರೂ ಕೆಡದಂಥದ್ದು. ಅದು ದೋಣಿಯ ಚೀಲದಲ್ಲಲ್ಲ, ನಿಮ್ಮ ಜಾಕೆಟ್‌ಗೇ ಕಟ್ಟಿರಬೇಕು. ಚಾನೆಲ್ 16ರಲ್ಲಿ ಕೋಸ್ಟ್ ಗಾರ್ಡ್ ಕೇಳುತ್ತಿರುತ್ತದೆ, ಸುತ್ತಲಿನ ದೋಣಿಗಳವರೂ ಕೇಳುತ್ತಾರೆ. ಫೋನ್‌ನಲ್ಲಿ ಹಾಗಾಗುವುದಿಲ್ಲ.

ಹವಾಮಾನಕ್ಕೆ ಫೋನಿನಲ್ಲಿ ಬರುವ ಊರಿನ ಮುನ್ಸೂಚನೆ ಸಾಲದು. ರಾಷ್ಟ್ರೀಯ ಹವಾಮಾನ ಸೇವೆ ದಡದಿಂದ ಐದು ನಾಟಿಕಲ್ ಮೈಲಿವರೆಗಿನ ನೀರಿಗೇ ಬೇರೆ ಮುನ್ಸೂಚನೆ ಕೊಡುತ್ತದೆ, ಅಲೆ ಎಷ್ಟು ಅಡಿ ಅಂತಲೂ ಹೇಳುತ್ತದೆ. ಗಾಳಿ 22 ನಾಟ್ ಅಥವಾ ಅಲೆ ನಾಲ್ಕು ಅಡಿ ದಾಟುವ ಸೂಚನೆ ಇದ್ದರೆ ಸಣ್ಣ ದೋಣಿಗಳಿಗೆ ಎಚ್ಚರಿಕೆ ಹೊರಡಿಸುತ್ತಾರೆ. ನಾನು ಅಷ್ಟಕ್ಕೆ ಕಾಯುವುದಿಲ್ಲ. ಬಿಳಿನೊರೆ ಎಲ್ಲ ಕಡೆ ಕಾಣತೊಡಗಿದರೆ ಹೊಸಬರಿಗೆ ಅಂದಿನ ಆಟ ಮುಗಿಯಿತು. ಬೇಸಿಗೆಯ ಗುಡುಗು ಮಳೆ ಹೆಚ್ಚಾಗಿ ಪಶ್ಚಿಮದಿಂದ ಬರುತ್ತದೆ, ಶಿಕಾಗೊದಲ್ಲಿ ಅಂದ್ರೆ ಎತ್ತರದ ಕಟ್ಟಡಗಳ ಹಿಂದಿನಿಂದ, ಹಾಗಾಗಿ ಕಣ್ಣನ್ನು ನಂಬದೆ ಹೊರಡುವ ಮುಂಚೆ ರಾಡಾರ್ ನೋಡಿ.

ಇನ್ನೂ ತೀರ್ಮಾನ ಆಗದವರು ಈ ವರ್ಷ ಏನೂ ಕೊಳ್ಳಬೇಡಿ. ಮಿಲ್ವಾಕಿಯಲ್ಲಿ ಸಮುದಾಯ ಸೇಲಿಂಗ್ ಕೇಂದ್ರ ಇದೆ, ಮ್ಯಾಡಿಸನ್‌ನ ಲೇಕ್ ಮೆಂಡೋಟಾದಲ್ಲಿ ವಿಶ್ವವಿದ್ಯಾಲಯದ ಹೂಫರ್ಸ್ ಕ್ಲಬ್ ಇದೆ. ಇಂಥ ಕಡೆ ಬೇರೆಬೇರೆ ದೋಣಿ ಹತ್ತಿ ನೋಡಬಹುದು. ಮುಖ್ಯವಾಗಿ, ಪಕ್ಕದಲ್ಲಿ ರಕ್ಷಣಾ ಬೋಟ್ ಇರುವಾಗ ಬೇಕಂತಲೇ ಮಗುಚಿ, ಎತ್ತಿ, ಹತ್ತಿ ನೋಡಬಹುದು. ಜೊತೆಗೆ ಬರುವವರೂ ಒಮ್ಮೆ ಮಾಡಲಿ, ಯಾಕಂದ್ರೆ ನೀರಿಗೆ ಬಿದ್ದು ಪೆಟ್ಟಾದವರು ನೀವೇ ಆಗಿರಬಹುದು. ಆಗಸ್ಟ್ ಕೊನೆಯ ಹೊತ್ತಿಗೆ ನೀರು ಎಲ್ಲಕ್ಕಿಂತ ಬೆಚ್ಚಗಿರುತ್ತದೆ, ಈ ಅಭ್ಯಾಸಕ್ಕೆ ಅದೇ ಸರಿಯಾದ ಕಾಲ.

ಕೊಳ್ಳುವುದಾದರೆ ಅಕ್ಟೋಬರ್‌ನಲ್ಲಿ ಕೊಳ್ಳಿ. ಚಳಿಗಾಲಕ್ಕೆ ದೋಣಿ ಇಡುವ ಬಾಡಿಗೆ ತಪ್ಪಿದರೆ ಸಾಕು ಅಂತ ಮಾರುವವರು ಬೆಲೆ ಇಳಿಸುತ್ತಾರೆ, ಚೌಕಾಸಿಗೆ ಒಳ್ಳೆಯ ಸಮಯ. ತಂದು ಶೆಡ್ಡಿಗೆ ಹಾಕಿ. ಅದೇ ತಿಂಗಳಲ್ಲಿ ನೀರಿಗಿಳಿಸುವ ಆಸೆ ಬೇಡ, ಶರತ್ಕಾಲದ ಬಿರುಗಾಳಿ ಶುರುವಾಗುವುದು ಆಗಲೇ. 222 ಮೀಟರ್ ಉದ್ದದ ಎಡ್ಮಂಡ್ ಫಿಟ್ಜ್‌ಜೆರಾಲ್ಡ್ ಹಡಗು 29 ಜನರ ಸಮೇತ ಸುಪೀರಿಯರ್‌ನಲ್ಲಿ ಮುಳುಗಿದ್ದು 1975ರ ನವೆಂಬರ್ 10ರಂದು. ಚಳಿಗಾಲದಲ್ಲಿ ಹಗ್ಗ ಬದಲಾಯಿಸಿ, ಚಿಲಕ ಹಾಕಿ, ರೀಫ್ ಕಣ್ಣು ಹಾಕಿಸಿ. ನೀರಿಗಿಳಿಸುವುದು ಮುಂದಿನ ಜೂನ್ ಕೊನೆಗೆ, ಮೊದಲು ಒಳಗಿನ ಚಿಕ್ಕ ಸರೋವರದಲ್ಲಿ.